ಒಂಬತ್ತು ದ್ವೀಪಗಳ ಅಂಚೆ

"ಪಾಸ್‌ವರ್ಡ್ ಏನೋ?" ತಾರು ಫೋನಿನಲ್ಲಿ ಎರಡನೇ ಸಲ ಕೇಳಿದಳು.

ಆ ಕಡೆಯಿಂದ ಕಿಮ್ಮೊ ಹೇಳಿದ್ದು ಅವಳಿಗೆ ತಿಳಿಯಲಿಲ್ಲ. ಅವನು ಹಲ್ಲಿನ ಡಾಕ್ಟರ ಕುರ್ಚಿಯಿಂದ ಆಗಷ್ಟೇ ಎದ್ದಿದ್ದ. ಬಾಯಿಯ ಒಂದು ಪಕ್ಕ ಪೂರ್ತಿ ಜೋಮು ಹಿಡಿದಿತ್ತು.

"ತಡಿ, ನಾನೇ ಬಂದುಬಿಡ್ತೀನಿ. ಒಂದು ಗಂಟೆ," ಎಂದ.

"ಒಂದು ಗಂಟೆ ಆದ್ರೆ ತಲೆಯಲ್ಲಿರೋದು ಹೋಗ್ಬಿಡುತ್ತೆ ಕಣೋ. ಹೇಳು."

ಕಿಮ್ಮೊ ಸತ್ತುಹೋದ ತನ್ನ ನಾಯಿಯ ಹೆಸರನ್ನೂ ಎರಡು ಅಂಕೆಗಳನ್ನೂ ಬಿಡಿಬಿಡಿಸಿ ಹೇಳಿದ. "ಸೌಂಡಿನ ಫೋಲ್ಡರ್ ಮಾತ್ರ ನೋಡು. ಬೇರೆ ಏನೂ ಮುಟ್ಬೇಡ." ತನ್ನ ಮೇಜನ್ನು ಬೇರೆಯವರು ಮುಟ್ಟುವುದು ಅವನಿಗೆ ಯಾವತ್ತೂ ಆಗಿಬರುತ್ತಿರಲಿಲ್ಲ. ತಾರು ಆ ಮಾತಿಗೆ ಹೆಚ್ಚಿನ ಅರ್ಥ ಕಟ್ಟಲಿಲ್ಲ.

ಅವಳಿಗೆ ಬೇಕಾಗಿದ್ದುದು ನೀರಿಗೆ ಹುಟ್ಟು ಹಾಕುವ ಸದ್ದು. ಆ ಬೆಳಿಗ್ಗೆ ಸೇತುವೆ ದಾಟುವಾಗ ಅವಳಿಗೆ ಮಂಜಿನ ಯೋಚನೆ ಬಂದಿತ್ತು. ಏಪ್ರಿಲ್ ಮೊದಲ ವಾರ. ಸರೋವರದ ಮೇಲಿನ ಹಿಮಗಡ್ಡೆ ಇನ್ನೂ ಕರಗಿರಲಿಲ್ಲ, ಆದರೆ ಸೇತುವೆಯ ಕೆಳಗೆ ನೀರು ಭೋರೆಂದು ಹರಿಯುತ್ತಿತ್ತು. ಅದರ ಹಬೆಯಲ್ಲಿ ಎದುರಿನ ಇಟ್ಟಿಗೆ ಕಟ್ಟಡ ಮುಚ್ಚಿಹೋಗಿ, ಅದರೊಳಗೆ ಯಾರೋ ಸುತ್ತಿಗೆ ಬಡಿಯುವುದಷ್ಟೇ ಕೇಳುತ್ತಿತ್ತು. ತಾವಿಬ್ಬರು ಮಾಡುತ್ತಿದ್ದ ಕಂಪ್ಯೂಟರ್ ಆಟದಲ್ಲೂ ಹೀಗೆ ಮಂಜು ಕವಿದರೆ? ಒಂದು ದ್ವೀಪದಿಂದ ಸುತ್ತಿಗೆ, ಇನ್ನೊಂದರಿಂದ ಹಸುವಿನ ಕೊರಳ ಗಂಟೆ, ಮತ್ತೊಂದರಿಂದ ಯಾರದೋ ಕೆಮ್ಮು. ಆಟದ ಅಂಚೆ ಹುಡುಗಿ ಕಿವಿಯನ್ನೇ ನಂಬಿ ದೋಣಿ ನಡೆಸಬೇಕು. ಸೇತುವೆಯ ನಡುವೆ ನಿಂತು, ಕೈಗವಸು ಬಿಚ್ಚಿ, ಔಷಧಿ ಅಂಗಡಿಯ ಚೀಟಿಯ ಹಿಂದೆ ಅವಳು ಅದನ್ನು ಗೀಚಿಕೊಂಡಿದ್ದಳು. ಹಳೆಯ ಹತ್ತಿ ಗಿರಣಿಯ ಮೂರನೇ ಮಹಡಿಯ ತಮ್ಮ ಕೆಲಸದ ಕೋಣೆಗೆ ಓಡಿಕೊಂಡೇ ಹತ್ತಿ ಬಂದರೆ ಕಿಮ್ಮೊ ಇರಲಿಲ್ಲ.

ಅವರಿಬ್ಬರ ಆ ಕೋಣೆಯಲ್ಲಿ ಬಾಗಿಲ ಪಕ್ಕದ ಗೋಡೆ ಕಾಣಿಸುತ್ತಲೇ ಇರಲಿಲ್ಲ. ನೆಲದಿಂದ ಕೈಗೆಟಕುವಷ್ಟು ಎತ್ತರದವರೆಗೆ ಹಳದಿ ಚೀಟಿಗಳು. ಕಿಟಕಿಯ ಬಾಗಿಲು ತೆಗೆದರೆ ಅಷ್ಟೂ ಒಟ್ಟಿಗೆ ಅಲುಗುತ್ತಿದ್ದವು. ಗೋಡೆ ತುಂಬಿದ ಮೇಲೆ ಬಂದವು ಬೂಟಿನ ಡಬ್ಬಿಗಳಲ್ಲಿದ್ದವು. ತಾರುವಿನ ತಲೆಗೆ ಯೋಚನೆಗಳು ಬರುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ತರಕಾರಿ ಹೆಚ್ಚುವಾಗ ಬಂತು, ಯಾರೋ ಮಾತಾಡಿಸುತ್ತಿರುವಾಗ ಬಂತು, ಸೌನಾದಲ್ಲಿ ಬೆವರುತ್ತಾ ಕುಳಿತಾಗ ಬಂತು. ಬಂದದ್ದನ್ನು ಬಿಟ್ಟುಬಿಡಲು ಅವಳಿಂದ ಆಗುತ್ತಿರಲಿಲ್ಲ. ಮನೆ ಬಾಗಿಲಿಗೆ ಬಂದು ನಿಂತ ಬೆಕ್ಕಿನ ಮರಿಯನ್ನು ಓಡಿಸಿದಂತೆ ಸಂಕಟವಾಗುತ್ತಿತ್ತು.

ಈ ಆಟ ಶುರುವಾಗಿ ಆರು ವರ್ಷ. ಅದಕ್ಕೆ ಮುಂಚೆ ಇಬ್ಬರೂ ಸೇರಿ ಶುರುಮಾಡಿದ್ದ ಮೂರು ಆಟಗಳು ಅರ್ಧಕ್ಕೇ ನಿಂತಿದ್ದವು. ಕಿಮ್ಮೊ ಲಿಫ್ಟ್ ಕಂಪನಿಯಲ್ಲಿ ಕೋಡ್ ಬರೆಯುತ್ತಿದ್ದವನು. ಹನ್ನೊಂದು ವರ್ಷದ ಕೆಳಗೆ ಅದನ್ನು ಬಿಟ್ಟು ಇವಳ ಜೊತೆ ಬಂದಿದ್ದ. ಅವಳು ಚಿತ್ರ ಬರೆದು, ಕತೆ ಕಟ್ಟಿ ಕೊಟ್ಟದ್ದನ್ನು ಅವನು ನಡೆಯುವಂತೆ, ಮಾತಾಡುವಂತೆ, ದೋಣಿ ಹತ್ತುವಂತೆ ಮಾಡುತ್ತಿದ್ದ. ಹೊಸದೇನಾದರೂ ತಂದು ಮುಂದಿಟ್ಟರೆ ಕನ್ನಡಕವನ್ನು ಹಣೆಗೇರಿಸಿ ಚೀಟಿ ಓದಿ, "ನೋಡೋಣ" ಎನ್ನುತ್ತಿದ್ದ. ಎರಡು ವಾರದಲ್ಲಿ ಅದು ಆಟದೊಳಗೆ ಇರುತ್ತಿತ್ತು. ಹೀಗೆ ಒಂಬತ್ತು ದ್ವೀಪಗಳಿಂದ ಶುರುವಾದದ್ದು ನಲವತ್ತಮೂರಕ್ಕೆ ಬಂದು ನಿಂತಿತ್ತು. ಕರಡಿ ಬಂದಿತ್ತು, ಯುದ್ಧಕಾಲ ಬಂದಿತ್ತು, ಹವಾಮಾನ ಓದುವ ರೇಡಿಯೊ ಹೆಂಗಸು ಬಂದಿದ್ದಳು. ಬಿಡುಗಡೆ ಮೂರು ಸಲ ಮುಂದೆ ಹೋಗಿತ್ತು. ಔಲು ಊರಿನಿಂದ ಯಾರೋ ಒಬ್ಬ ಪ್ರತಿ ಕ್ರಿಸ್‌ಮಸ್ಸಿಗೆ, "ಅಂಚೆ ದೋಣಿ ಹೊರಟಿತೇ?" ಎಂದು ಒಂದೇ ಸಾಲು ಬರೆದು ಕಳಿಸುತ್ತಿದ್ದ.

ಸದ್ದಿನ ಫೋಲ್ಡರಿನ ಪಕ್ಕದಲ್ಲೇ ಇನ್ನೊಂದಿತ್ತು. ಹೆಸರು 'ಒಂಬತ್ತು'. ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಅದರಲ್ಲಿ ಕೊನೆಯ ಬದಲಾವಣೆ ಆಗಿತ್ತು.

ತಾರು ಅದನ್ನು ತೆರೆದಳು.

ಕಟ್ಟೆಗೆ ಕಟ್ಟಿದ ದೋಣಿ, ಬೆಳಗಿನ ಬೆಳಕು, ಹೆಗಲಿಗೆ ಚೀಲ ಹಾಕಿಕೊಂಡ ಅಂಚೆ ಹುಡುಗಿ. ಆರು ವರ್ಷದ ಕೆಳಗೆ ಅವಳೇ ಬರೆದಿದ್ದ ಮೊದಲ ಚಿತ್ರ. ಆಮೇಲೆ ಇದು ಎಳಸಾಯಿತು ಎಂದು ತೆಗೆದು ಬೇರೆ ಬರೆದಿದ್ದಳು. ಕರಡಿ ಬರಲಿಲ್ಲ. ರೇಡಿಯೊ ಮಾತಾಡಲಿಲ್ಲ. ಹುಡುಗಿ ಹುಟ್ಟು ಹಾಕಿದಳು, ದ್ವೀಪ ಬಂತು, ಕಾಗದ ಕೊಟ್ಟಳು, ಎರಡು ಮಾತಾಡಿದಳು, ಮುಂದಿನ ದ್ವೀಪಕ್ಕೆ ಹೋದಳು. ಮನೆಗಳಲ್ಲಿ ಒಂದೊಂದಾಗಿ ಒಂದು ವಿಷಯ ಬಾಯಿಂದ ಬಾಯಿಗೆ ಬಂತು: ರಸ್ತೆಯಾಗಿದೆ, ನಾಳೆಯಿಂದ ದೋಣಿ ಬರುವುದಿಲ್ಲ, ಇವತ್ತಿನದೇ ಕಡೆಯ ಅಂಚೆ. ಒಂದು ಮನೆಯಲ್ಲಿ ಬ್ರೆಡ್ಡು ಕೊಟ್ಟರು, ಇನ್ನೊಂದರಲ್ಲಿ ಬೈದರು. ಒಂಬತ್ತನೇ ದ್ವೀಪದಲ್ಲಿ ಯಾರೂ ಇರಲಿಲ್ಲ. ಹುಡುಗಿ ಕಾಗದವನ್ನು ಮೆಟ್ಟಿಲ ಮೇಲಿಟ್ಟು, ಅದರ ಮೇಲೊಂದು ಕಲ್ಲಿಟ್ಟು, ಹಿಂದೆ ನೋಡದೆ ದೋಣಿ ತಿರುಗಿಸಿದಳು.

ಮುಗಿಯಿತು. ತನ್ನ ಆಟಕ್ಕೊಂದು ಕೊನೆ ಇರುವುದನ್ನು ತಾರು ಮೊದಲ ಸಲ ನೋಡಿದ್ದಳು. ಆ ಕಲ್ಲಿನ ಮಾತನ್ನು ಮೊದಲನೇ ವರ್ಷ ಯಾವುದೋ ಚೀಟಿಯಲ್ಲಿ ಬರೆದಿದ್ದಳೆಂದು ತಡವಾಗಿ ನೆನಪಾಯಿತು. ಕತ್ತಲಾದ ಪರದೆಯ ಮೇಲೆ ಒಂದೇ ಒಂದು ಹೆಸರು ಬಂತು. ಅವಳದು.

ತಿರುಗಿ ನೋಡಿದರೆ ಕಿಮ್ಮೊ ಕೋಟು ಬಿಚ್ಚದೆ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಎಷ್ಟು ದಿನದಿಂದ?" ಎಂದು ಕೇಳಿದಳು.

"ಎರಡು ವರ್ಷ. ಭಾನುವಾರ ಮಾತ್ರ. ಮಿನ್ನಾ ಹಾಡಿನ ಕ್ಲಾಸಿಗೆ ಹೋದಾಗ." ಮಿನ್ನಾ ಅವನ ಹೆಂಡತಿ.

"ನನಗೆ ಯಾಕೆ ಹೇಳ್ಲಿಲ್ಲ?"

ಕಿಮ್ಮೊ ಜೋಮು ಹಿಡಿದ ತುಟಿಯ ತುದಿಯನ್ನು ಕರವಸ್ತ್ರದಿಂದ ಒರೆಸಿಕೊಂಡ. "ಹೇಳಿದ್ರೆ ನೀನು ಅದಕ್ಕೂ ಏನಾದ್ರೂ ಸೇರಿಸ್ತಿದ್ದೆ."

ಬೇರೆ ಯಾವತ್ತಾದರೂ ಆ ಮಾತಿಗೆ ಇಬ್ಬರೂ ನಗುತ್ತಿದ್ದರೋ ಏನೋ. ತಾರುವಿನ ಮುಖಕ್ಕೆ ರಕ್ತ ನುಗ್ಗಿತು.

"ಕೊನೇಲಿ ನನ್ನ ಹೆಸರು ಹಾಕಿದೀಯ. ನಿಂದು ಎಲ್ಲಿ?"

"ನಾನೇನು ಮಾಡಿದೀನಿ ಅದ್ರಲ್ಲಿ? ಬೇಡದ್ದು ತೆಗೆದೆ, ಅಷ್ಟೆ."

"ಬೇಡದ್ದು," ಎಂದಳು ತಾರು. "ಕರಡಿ ಬೇಡದ್ದು. ರೇಡಿಯೊ ಹೆಂಗಸು ಬೇಡದ್ದು. ಯುದ್ಧದ ಕಾಲದ್ದಕ್ಕೆ ನೀನೇ ನಾಕು ತಿಂಗಳು ಕೂತಿದ್ದೆಯಲ್ಲ, ಅದೂ ಬೇಡದ್ದೇನು?"

"ಕೂತಿದ್ದೆ."

"ಆವಾಗಲೇ ಬೇಡ ಅನ್ಬೇಕಿತ್ತು ತಾನೇ?"

"ಅನ್ಬೇಕಿತ್ತು," ಎಂದು ಕಿಮ್ಮೊ ಒಪ್ಪಿಕೊಂಡ. ಅವನು ವಾದಿಸಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ಕೋಟು ಬಿಚ್ಚಿ ಮೊಳೆಗೆ ಹಾಕಿ, ಬೆನ್ನು ತಿರುಗಿಸಿಕೊಂಡೇ ಉಳಿದದ್ದನ್ನೂ ಹೇಳಿದ. "ಜನವರಿಯಲ್ಲಿ ಲಿಫ್ಟಿನವರು ಮತ್ತೆ ಕರೆದ್ರು. ಆಗಸ್ಟಿಂದ ಬರ್ತೀನಿ ಅಂದಿದೀನಿ. ನನಗೂ ನಲವತ್ತಾರಾಯ್ತು ತಾರು. ಹೋಗೋಕೆ ಮುಂಚೆ ಒಂದು, ಪೂರ್ತಿ ಆದದ್ದು ಒಂದು ನೋಡ್ಬೇಕು ಅನ್ನಿಸ್ತು. ಯಾರಿಗೂ ತೋರ್ಸೋಕಲ್ಲ. ಬೇರೆ ಪ್ರತಿ ಎಲ್ಲೂ ಇಟ್ಟಿಲ್ಲ. ನೀನು ಬೇಡ ಅಂದ್ರೆ ಅಳಿಸಿಬಿಡ್ತೀನಿ."

"ಅಳಿಸು," ಎಂದಳು ತಾರು. ಮಂಜಿನ ಚೀಟಿ ಅವಳ ಕೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲೆ ಬಿಸಾಕಿ ಮೆಟ್ಟಿಲಿಳಿದು ಹೋದಳು.

ಅವಳ ಕಾಲು ಬಸ್ ನಿಲ್ದಾಣದ ಕಡೆಗೆ ನಡೆಯಿತು. ಚಿಕ್ಕಮ್ಮನ ಊರು ಕುರುವಿಗೆ ಹೋಗುವ ಬಸ್ಸು ನಿಂತಿತ್ತು, ಹತ್ತಿದಳು. ಒಂದು ಗಂಟೆಯ ದಾರಿ. ಒಂದು ಪಕ್ಕ ಕಾಡು, ಇನ್ನೊಂದು ಪಕ್ಕ ಆಗಾಗ ಇಣುಕುವ ಬೂದು ಬಣ್ಣದ ಸರೋವರ. ಹನ್ನೊಂದು ವರ್ಷ ಅವನು 'ನೋಡೋಣ' ಎಂದದ್ದರಲ್ಲಿ ಎಷ್ಟು ಸಲ 'ಬೇಡ' ಎಂದಿದ್ದನೋ ಎಂದು ಲೆಕ್ಕ ಹಾಕಲು ಹೋಗಿ, ಅರ್ಧಕ್ಕೆ ಬಿಟ್ಟಳು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಆಟ ಚೆನ್ನಾಗಿತ್ತು ಎಂಬುದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಹಿಲ್ಕಾ ಚಿಕ್ಕಮ್ಮ ಅಡುಗೆಮನೆಯ ಕಿಟಕಿಯ ಬಳಿ ಕೂತು ಹಳೆಯ ಬಟ್ಟೆಗಳನ್ನು ಪಟ್ಟಿಪಟ್ಟಿಯಾಗಿ ಹರಿದು ಉಂಡೆ ಸುತ್ತುತ್ತಿದ್ದಳು. ಬೇಸಿಗೆಯಲ್ಲಿ ನೆಲಹಾಸು ನೇಯಲು ಬೇಕಿತ್ತು. ಎಪ್ಪತ್ತೊಂಬತ್ತು ವರ್ಷದವಳು. ಹರೆಯದಲ್ಲಿ ಏಳು ವರ್ಷ, ರಸ್ತೆಯಾಗುವ ತನಕ, ಈ ಸರೋವರದ ಮೇಲೆ ದೋಣಿಯಲ್ಲಿ ಅಂಚೆ ಹಂಚಿದವಳು ಅವಳೇ. ಅವಳು ಹೇಳಿದ ಕತೆಗಳಿಂದಲೇ ತಾರುವಿನ ಆಟ ಹುಟ್ಟಿದ್ದು.

"ಏನೇ, ಸೋಮವಾರ ಬಂದಿದೀಯ. ಯಾರಾದ್ರೂ ಸತ್ರಾ?"

ತಾರು ಕಾಫಿ ಕುಡಿಯುತ್ತಾ ಎಲ್ಲವನ್ನೂ ಹೇಳಿದಳು. ಚಿಕ್ಕಮ್ಮ ಹರಿಯುವುದನ್ನು ನಿಲ್ಲಿಸದೆ ಕೇಳಿದಳು.

"ಗಂಡಸು ಎರಡು ವರ್ಷ ಭಾನುವಾರ ಭಾನುವಾರ ಹೆಂಡ್ತಿ ಹೊರಗೆ ಹೋದಾಗ ಗುಟ್ಟಾಗಿ ಏನೋ ಮಾಡ್ತಿದ್ದ ಅಂದಾಗ ನಾನು ಬೇರೇನೋ ಅಂದ್ಕೊಂಡೆ," ಎಂದಳು. "ಇಷ್ಟೇನಾ?"

"ಇಷ್ಟೇನಾ ಅಂತೀಯಲ್ಲ ಚಿಕ್ಕಮ್ಮ. ನನ್ನ ಬೆನ್ನ ಹಿಂದೆ ಮಾಡಿದಾನೆ."

"ಮಾಡಿದ್ದು ತಪ್ಪೇ. ಕಪಾಳಕ್ಕೆ ಎರಡು ಬಿಡ್ಬೇಕಿತ್ತು. ಹಲ್ಲಿನ ಡಾಕ್ಟ್ರು ಸೂಜಿ ಚುಚ್ಚಿದ ಕಡೆಗೇ ಹೊಡೆದಿದ್ರೆ ಅವನಿಗೂ ನೋವಾಗ್ತಿರಲಿಲ್ಲ." ಉಂಡೆಯನ್ನು ಬುಟ್ಟಿಗೆ ಹಾಕಿ ಇನ್ನೊಂದು ಶುರುಮಾಡಿದಳು. "ಆಟ ಹೆಂಗಿದೆ?"

ಕಿಟಕಿಯಾಚೆ ದೂರದಲ್ಲಿ ಎರಡು ದ್ವೀಪಗಳು ಹಿಮಗಡ್ಡೆಯ ಮೇಲೆ ಕಪ್ಪಗೆ ಕೂತಿದ್ದವು. ತಾರು ಅವನ್ನೇ ನೋಡುತ್ತಾ, "ನಿಂದು ಒಂಬತ್ತೇ ದ್ವೀಪ ತಾನೇ?" ಎಂದು ಕೇಳಿದಳು.

"ಯಾರು ಹೇಳಿದ್ದು? ಹದಿನಾಲ್ಕು."

"ನೀನು ಯಾವಾಗ್ಲೂ ಒಂಬತ್ತರದ್ದೇ ಹೇಳ್ತಿದ್ದೆ."

"ಉಳಿದ ಐದರದ್ದು ಏನಂತ ಹೇಳ್ಲಿ? ಒಳ್ಳೇ ಜನವೇ. ಬಾಗ್ಲು ತೆಗೀತಿದ್ರು, ಕಾಗದ ಇಸ್ಕೊಳ್ತಿದ್ರು, ಬಾಗ್ಲು ಹಾಕ್ತಿದ್ರು." ಚಿಕ್ಕಮ್ಮ ಬಟ್ಟೆಯ ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಪರ್ರೆಂದು ಹರಿದಳು. "ಅದ್ರಲ್ಲಿ ಒಬ್ಬ ನನ್ನನ್ನ ಮದುವೆ ಆಗ್ತೀನಿ ಅಂತಿದ್ದ. ಅವನನ್ನೂ ಬಿಟ್ಟಿದೀನಿ."

"ಅದ್ಯಾಕೆ ಬಿಟ್ಟೆ? ಅದೇ ಅಲ್ವಾ ಕತೆ?"

"ಅದು ನಂದು."

ತಾರುವಿನ ಕೈ ತಾನಾಗಿ ಪೆನ್ನು ಹುಡುಕುತ್ತಾ ಜೇಬಿಗೆ ಹೋಯಿತು. ಚಿಕ್ಕಮ್ಮ ಅದನ್ನು ನೋಡಿ, ಒಂದು ಹಳೆಯ ದಿಂಬಿನ ಚೀಲವನ್ನು ಅವಳ ಮಡಿಲಿಗೆ ಹಾಕಿದಳು. "ಸುಮ್ನೆ ಕೂರೋ ಬದ್ಲು ಇದನ್ನ ಹರಿ. ಎರಡು ಬೆರಳು ಅಗಲಕ್ಕೆ. ಜಾಸ್ತಿ ಆದ್ರೆ ಮಗ್ಗದಲ್ಲಿ ಕೂರಲ್ಲ."

ಮೂರು ದಿಂಬಿನ ಚೀಲ ಹರಿದಾದ ಮೇಲೆ, ಬಸ್ಸಿಗೆ ಕಾಯುವಾಗ, ಅವಳು ಕಿಮ್ಮೊಗೆ ಫೋನ್ ಮಾಡಿದಳು.

"ಅಳಿಸಿದ್ಯಾ?"

"ನೀನೇ ಹೇಳಿದ್ಯಲ್ಲ."

"ಅಳಿಸಿದ್ಯೋ ಇಲ್ವೋ ಹೇಳೋ."

"ಇಲ್ಲ. ಹಸಿವಾಗಿತ್ತು. ಸೂಪು ಕುಡಿಯೋಕೆ ಹೋಗಿದ್ದೆ." ಅವನ ದನಿ ಈಗ ನೆಟ್ಟಗಾಗಿತ್ತು. "ಈಗ ಅಳಿಸ್ಲಾ?"

"ಮುಟ್ಟಿದ್ರೆ ನೋಡು," ಎಂದು ತಾರು ಫೋನ್ ಇಟ್ಟಳು.

ಮಾರನೇ ದಿನದಿಂದ ಇಬ್ಬರೂ ಆ ಚಿಕ್ಕ ಆಟವನ್ನೇ ಮುಂದಿಟ್ಟುಕೊಂಡು ಕುಳಿತರು. ನಿಯಮ ತಾರುವೇ ಮಾಡಿದಳು: ಸರಿ ಇಲ್ಲದ್ದನ್ನು ಹೇಳಬಹುದು, ಹೊಸದು ಹೇಳುವ ಹಾಗಿಲ್ಲ. ಮೊದಲ ವಾರ ಅದು ಉಪವಾಸದಂತಿತ್ತು. ಅವಳು ಬಾಯಿ ತೆರೆಯುತ್ತಿದ್ದಳು, ಕಿಮ್ಮೊ ತಲೆ ಎತ್ತುತ್ತಿದ್ದ, ಅವಳು ಕಾಫಿ ಬೇಕಾ ಎಂದು ಕೇಳಿ ಎದ್ದುಹೋಗುತ್ತಿದ್ದಳು. ಒಂದೇ ದಿನ ಆರು ಲೋಟ ಕಾಫಿ ಕುಡಿದ ಕಿಮ್ಮೊ, ಇನ್ನು ಮೇಲೆ ನೀರು ಕೇಳು ಎಂದ. ಗೋಡೆಯ ಚೀಟಿಗಳನ್ನು ಅವಳು ಮಧ್ಯಾಹ್ನದ ಹೊತ್ತು ಒಂದೊಂದೇ ಸಾಲು ಕಿತ್ತು ಡಬ್ಬಿಗೆ ಹಾಕಿದಳು. ಕೆಲವನ್ನು ಓದಿದಾಗ ಅದು ಏನೆಂದು ಅವಳಿಗೇ ತಿಳಿಯಲಿಲ್ಲ. 'ನೀಲಿ ಬಾಗಿಲು, ಆದರೆ ಉಪ್ಪು' ಎಂದು ಒಂದರಲ್ಲಿತ್ತು. ಅದನ್ನು ಬರೆದ ದಿನ ಖುಷಿಯಲ್ಲಿ ನಿದ್ದೆ ಬಂದಿರಲಿಲ್ಲ ಎಂಬುದು ಮಾತ್ರ ನೆನಪಿತ್ತು.

ಒಂದನ್ನು ಡಬ್ಬಿಗೆ ಹಾಕಲು ಆಗಲಿಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರ ದ್ವೀಪ. ಒಂದೇ ಅಂಗಳದ ಆಚೆ ಈಚೆ ಎರಡು ಮನೆ. ಅಣ್ಣ ತಮ್ಮನಿಗೆ ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದು ಅಂಚೆ ಹುಡುಗಿಯ ಕೈಗೆ ಕೊಡುತ್ತಾನೆ. ಅದು ಸರೋವರ ದಾಟಿ ಪಟ್ಟಣಕ್ಕೆ ಹೋಗಿ, ಮುದ್ರೆ ಒತ್ತಿಸಿಕೊಂಡು, ಮಾರನೇ ದಿನ ಮೂವತ್ತು ಹೆಜ್ಜೆ ಆಚೆಗಿನ ತಮ್ಮನ ಮನೆಗೆ ಬರುತ್ತದೆ. ಒಂದು ಇಡೀ ಚಳಿಗಾಲ ತಾರು ಅವರಿಬ್ಬರ ಕಾಗದಗಳನ್ನು ಬರೆದಿದ್ದಳು. ತಾನು ಇದುವರೆಗೆ ಮಾಡಿದ್ದರಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮೂರನೇ ವಾರದ ಗುರುವಾರ ಆ ಚೀಟಿಯನ್ನು ಕಿಮ್ಮೊನ ಮುಂದಿಟ್ಟಳು.

"ಇದೊಂದು. ಇದು ಹೊಸದಲ್ಲ, ಇರೋದೇ. ಹತ್ತು ದ್ವೀಪ ಆಗುತ್ತೆ, ಅಷ್ಟೆ."

ಕಿಮ್ಮೊ ಕನ್ನಡಕವನ್ನು ಹಣೆಗೇರಿಸಿ ಓದಿದ. "ನೋಡೋಣ," ಎಂದ.

"ನೋಡೋಣ ಅಲ್ಲ ಕಿಮ್ಮೊ. ಹೌದು ಅನ್ನು, ಇಲ್ಲ ಅನ್ನು."

ಅವನು ಚೀಟಿಯನ್ನು ಮೇಜಿನ ಮೇಲೆ ನೇರಮಾಡಿ ಇಟ್ಟ. ಕೆಳಗೆ ಅಂಗಳದಲ್ಲಿ ಯಾರೋ ಸೈಕಲ್ಲಿನ ಬೀಗ ತೆಗೆಯುತ್ತಿದ್ದರು. ಕಿಮ್ಮೊನ ಕಿವಿ ಕೆಂಪಾಯಿತು. ಹನ್ನೊಂದು ವರ್ಷದಲ್ಲಿ ಅವಳು ಅದನ್ನು ನೋಡಿರಲಿಲ್ಲ.

"ಇಲ್ಲ," ಎಂದ.

"ಯಾಕೆ?"

"ಚೆನ್ನಾಗಿದೆ. ತುಂಬಾ ಚೆನ್ನಾಗಿದೆ, ಅದಕ್ಕೇ. ಇವರಿಬ್ಬರು ಬಂದ್ರೆ ಉಳಿದ ಒಂಬತ್ತು ಮನೆ ಕಡೆ ಯಾರೂ ತಿರುಗಿ ನೋಡಲ್ಲ. ಮುಂದೆ ಆ ಕಲ್ಲು ಇಡೋವಾಗ ಆಡೋರು ಇವರನ್ನೇ ನೆನೀತಿರ್ತಾರೆ." ಇನ್ನೂ ಏನೋ ಹೇಳಲು ಹೊರಟು, ನಿಂತು, ಮತ್ತೆ ಹೇಳಿದ. "ಇದು ಇಲ್ಲಿ ಸೇರೋದಲ್ಲ ಕಣೇ. ಇದು ಅವರದ್ದೇ ಬೇರೆ ಆಟ."

ತಾರು ಕಿಟಕಿಯ ಹತ್ತಿರ ಹೋಗಿ ನಿಂತಳು. ಅಳು ಬಂತು. ಅವನು ಹೇಳಿದ್ದು ನಿಜವೆಂದೋ, ನಿಜವೆಂದು ತನಗೂ ಗೊತ್ತಿತ್ತೆಂದೋ ಅವಳಿಗೆ ಬಗೆಹರಿಯಲಿಲ್ಲ. ಕಿಮ್ಮೊ ಎದ್ದು ಬರಲಿಲ್ಲ, ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನ ಕೀಲಿಮಣೆಯ ಟಕಟಕ ಮತ್ತೆ ಶುರುವಾಯಿತು. ಅವಳು ಮೂಗು ಒರೆಸಿಕೊಂಡು ಬಂದು, ಚೀಟಿಯನ್ನು ತೆಗೆದುಕೊಂಡು, ಪಕ್ಕದ ಕುರ್ಚಿಯಲ್ಲಿ ಕುಳಿತಳು.

"ಐದನೇ ದ್ವೀಪದಲ್ಲಿ ನಾಯಿ ಬೊಗಳೋದು ಬಾಗಿಲು ತೆಗೆದ ಮೇಲೆ," ಎಂದಳು. "ಮುಂಚೆ ಬೊಗಳ್ಬೇಕು."

"ಹೌದು," ಎಂದ ಕಿಮ್ಮೊ.

ಮೇ ತಿಂಗಳ ಕೊನೆಯ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ, ಆಟವನ್ನು ಹೊರಗೆ ಬಿಟ್ಟರು. ಬಿಡುವ ಮುಂಚೆ ಕಿಮ್ಮೊ ಒಂದು ಸಲ ಮೊದಲಿಂದ ಕೊನೆಯವರೆಗೆ ಆಡಿ ನೋಡಿದ. ಕತ್ತಲಾದ ಪರದೆಯ ಮೇಲೆ ಎರಡು ಹೆಸರು ಬಂದವು.

"ಹೊಸದು ಸೇರಿಸೋ ಹಾಗಿಲ್ಲ ಅಂತ ನೀನೇ ಅಂದಿದ್ದೆ," ಎಂದ ಅವನು.

"ಇದು ಸರಿ ಇಲ್ಲದ್ದನ್ನ ಸರಿ ಮಾಡಿದ್ದು."

ಆಮೇಲೆ ಏನೂ ಆಗಲಿಲ್ಲ. ಇಬ್ಬರೂ ಪರದೆ ನೋಡುತ್ತಾ ಕುಳಿತರು. ಹನ್ನೊಂದೂವರೆಗೆ ಮೊದಲ ಸಂದೇಶ ಬಂತು: ಏಳನೇ ದ್ವೀಪದಲ್ಲಿ ಕೋಳಿಗೂಡಿನ ಹಿಂದೆ ಹೋದರೆ ಹುಡುಗಿ ನೆಲದೊಳಗೆ ಬಿದ್ದುಹೋಗುತ್ತಾಳೆ. ಕಿಮ್ಮೊ, "ಅಲ್ಲಿಗೆ ಯಾಕೆ ಹೋಗ್ತಾರೆ ಜನ?" ಎನ್ನುತ್ತಾ ಅಂಗಿಯ ತೋಳು ಮಡಚಿದ. ತಾರು ಜೋರಾಗಿ ನಕ್ಕಳು. ಸಂಜೆಯ ಹೊತ್ತಿಗೆ ಹುಡುಗಿ ಬೀಳುವುದು ನಿಂತಿತ್ತು, ಇನ್ನಷ್ಟು ಸಂದೇಶಗಳು ಬಂದಿದ್ದವು. ಇಬ್ಬರೂ ಮಾರುಕಟ್ಟೆಯ ಚೌಕದಲ್ಲಿ ನಿಂತು, ಕಾಗದದ ಪೊಟ್ಟಣದಿಂದ ಬಿಸಿಬಿಸಿ ಕಪ್ಪು ಸಾಸೇಜನ್ನು ಹುಳಿಹಣ್ಣಿನ ಜಾಮಿನೊಂದಿಗೆ ತಿಂದರು. ಆಗಸ್ಟಿನ ಮಾತನ್ನು ಯಾರೂ ಎತ್ತಲಿಲ್ಲ. ಕಿಮ್ಮೊ ಕೈ ಒರೆಸಿಕೊಂಡು, "ನಾಳೆ ಎಂಟಕ್ಕೆ ಬರ್ತೀನಿ," ಎಂದು ತನ್ನ ದಾರಿ ಹಿಡಿದ.

ತಾರು ಟ್ರಾಮ್ ಹತ್ತಿದಳು. ಕಿಟಕಿಗೆ ತಲೆಯಾನಿಸಿ ಕುಳಿತವಳು ತನ್ನ ನಿಲ್ದಾಣ ಬಂದದ್ದನ್ನೂ ಹೋದದ್ದನ್ನೂ ನೋಡಿದಳು, ಏಳಲಿಲ್ಲ. ಕೊನೆಯ ನಿಲ್ದಾಣದಲ್ಲಿ ಉಳಿದವರೆಲ್ಲ ಇಳಿದರು. ಹೊರಗೆ ಬರ್ಚ್ ಮರಗಳ ಎಲೆಗಳು ಇನ್ನೂ ಬೆರಳುಗುರಿನಷ್ಟೇ ಇದ್ದವು; ಎಂಟು ಗಂಟೆಯಾದರೂ ಬಿಸಿಲು ಹಾಗೇ ಇತ್ತು. ಟ್ರಾಮಿನ ಮುಂದಿನ ತುದಿಯ ಚಾಲಕರ ಕೋಣೆಯಿಂದ ಚಾಲಕಿ ಹೊರಬಂದಳು. ಐವತ್ತು ದಾಟಿದ ಹೆಂಗಸು, ಹೆಗಲಲ್ಲಿ ಚೀಲ, ಕೈಯಲ್ಲಿ ಫ್ಲಾಸ್ಕು. ಖಾಲಿ ಸೀಟುಗಳ ನಡುವೆ ಉದ್ದಕ್ಕೂ ನಡೆದು ಬರುತ್ತಾ, ಯಾರೋ ಬಿಟ್ಟುಹೋಗಿದ್ದ ಒಂದು ಕೈಗವಸನ್ನು ಎತ್ತಿ ಕಿಟಕಿಯ ಅಂಚಿಗಿಟ್ಟಳು. ತಾರುವಿನ ಪಕ್ಕಕ್ಕೆ ಬಂದಾಗ ತಲೆಯಾಡಿಸಿ ಮುಂದೆ ನಡೆದಳು. ಹಿಂದಿನ ತುದಿಯಲ್ಲೂ ಇದ್ದ ಅಂಥದೇ ಚಾಲಕರ ಕೋಣೆಯ ಬಾಗಿಲು ತೆರೆದು ಒಳಗೆ ಹೋಗಿ, ಕುರ್ಚಿಯನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡು, ಫ್ಲಾಸ್ಕಿನಿಂದ ಒಂದು ಲೋಟ ಸುರಿದುಕೊಂಡಳು. ಬಂದ ದಾರಿಯಲ್ಲೇ ಮತ್ತೆ ಹೊರಡಲು ಇನ್ನೂ ನಾಲ್ಕು ನಿಮಿಷವಿತ್ತು.